ನಿಲ್ಲದ ಲಿಫ್ಟ್: ಶೆಫೀಲ್ಡ್ ಆರ್ಟ್ಸ್ ಟವರ್‌ನ ಪ್ಯಾಟರ್‌ನಾಸ್ಟರ್, ದಿನಬಳಕೆಯ ವಿಮರ್ಶೆ

ಪ್ಯಾಟರ್‌ನಾಸ್ಟರ್ ಎಂದರೆ ಬಾಗಿಲಿಲ್ಲದ ಪೆಟ್ಟಿಗೆಗಳು ಒಂದು ಸಾಲಿನಲ್ಲಿ ಮೇಲೇರುತ್ತ, ಪಕ್ಕದ ಸಾಲಿನಲ್ಲಿ ಇಳಿಯುತ್ತ, ಎಲ್ಲೂ ನಿಲ್ಲದೆ ಸುತ್ತುತ್ತಲೇ ಇರುವ ಲಿಫ್ಟ್. ಸಾಗುತ್ತಿರುವಾಗಲೇ ಹತ್ತಬೇಕು, ಇಳಿಯಬೇಕು. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಆರ್ಟ್ಸ್ ಟವರ್ ಕಟ್ಟಡದಲ್ಲಿ ಅಂಥದ್ದೊಂದಿದೆ. ಎಲ್ಲರೂ ಮೊದಲು ಕೇಳುವ ಪ್ರಶ್ನೆಗೆ ಮೊದಲೇ ಉತ್ತರಿಸಿಬಿಡುತ್ತೇನೆ. ಕೊನೆಯ ಮಹಡಿಯಲ್ಲಿ ಇಳಿಯದೆ ಒಳಗೇ ಉಳಿದರೆ ಪೆಟ್ಟಿಗೆ ತಲೆಕೆಳಗಾಗುವುದಿಲ್ಲ. ಪ್ರತಿ ಪೆಟ್ಟಿಗೆಯನ್ನೂ ಎರಡು ಸರಪಳಿಗಳು ಎದುರುಬದುರು ಮೂಲೆಗಳಲ್ಲಿ ಹಿಡಿದಿರುತ್ತವೆ. ಹಾಗಾಗಿ ಮೇಲಿನ ದೊಡ್ಡ ಗಾಲಿಗಳನ್ನು ದಾಟುವಾಗ ಅದು ನೆಟ್ಟಗೆ ನಿಂತಂತೆಯೇ ಪಕ್ಕಕ್ಕೆ ಸರಿದು, ಇಳಿಯುವ ಸಾಲಿಗೆ ಸೇರಿಕೊಳ್ಳುತ್ತದೆ. ಭಯಪಡಬೇಕಾದ ಜಾಗ ಅದಲ್ಲ, ಪ್ರತಿ ಮಹಡಿಯ ಹೊಸ್ತಿಲು. ಈ ವಿಮರ್ಶೆಯ ಮುಕ್ಕಾಲು ಪಾಲು ಆ ಹೊಸ್ತಿಲಿನದ್ದೇ.

ಇಲ್ಲಿರುವುದು 38 ಪೆಟ್ಟಿಗೆಗಳು, ತಲಾ ಇಬ್ಬರಿಗೆ ಜಾಗ, ಬಾಗಿಲಿಲ್ಲ, ಮಹಡಿ ಆರಿಸುವ ಗುಂಡಿಯಿಲ್ಲ. ಕಟ್ಟಡ 1966ರಿಂದ ಇದೆ. ಕ್ಯಾಥಲಿಕರ ಜಪಸರದ ಮಣಿಗಳಂತೆ ಪೆಟ್ಟಿಗೆಗಳು ಒಂದರ ಹಿಂದೊಂದು ಸುತ್ತುವುದರಿಂದ, ‘ನಮ್ಮ ತಂದೆಯೇ’ ಎಂಬ ಪ್ರಾರ್ಥನೆಯ ಲ್ಯಾಟಿನ್ ಮೊದಲ ಪದಗಳೇ ಇದಕ್ಕೆ ಹೆಸರಾದವು.

ಇದರ ದೊಡ್ಡ ಸುಖ ಕಾಯುವಿಕೆ ಇಲ್ಲದಿರುವುದು. ಈ ಯಂತ್ರಗಳು ಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್ ವೇಗದಲ್ಲಿ ಸಾಗುತ್ತವೆ. ಆ ಲೆಕ್ಕದಲ್ಲಿ ಒಂದು ಪೆಟ್ಟಿಗೆ ತಪ್ಪಿದರೆ ಹದಿಮೂರು ಸೆಕೆಂಡಿನ ಆಸುಪಾಸಿನಲ್ಲಿ ಇನ್ನೊಂದು ಬಂದೇ ಬರುತ್ತದೆ. ಪ್ರತಿಯೊಂದರಲ್ಲೂ ಇಬ್ಬರು ಹತ್ತಿದರೆ ಗಂಟೆಗೆ ಒಂದು ದಿಕ್ಕಿಗೆ ಐನೂರಕ್ಕೂ ಹೆಚ್ಚು ಜನ. ತರಗತಿ ಬಿಟ್ಟ ಹೊತ್ತಿಗೆ ಮಾಮೂಲಿ ಲಿಫ್ಟಿನ ಮುಂದೆ ಜಾತ್ರೆ ಸೇರಿರುತ್ತದೆ. ಇಲ್ಲಿ ಸಾಲು ಕರಗುತ್ತಲೇ ಇರುತ್ತದೆ. ವಿಶ್ವವಿದ್ಯಾಲಯಗಳೂ ಸರ್ಕಾರಿ ಕಚೇರಿಗಳೂ ಇದನ್ನು ಮೆಚ್ಚಿದ್ದಕ್ಕೆ ಕಾರಣ ಇದೇ.

ಇನ್ನೊಂದು ಸಂತೋಷ ಯಾವ ಮಾಹಿತಿಪತ್ರದಲ್ಲೂ ಸಿಗುವುದಿಲ್ಲ. ಮೇಲೇರುವಾಗ ಪ್ರತಿ ಮಹಡಿಯಲ್ಲೂ ಮೊದಲು ಕಾಣುವುದು ಜನರ ಬೂಟುಗಳು, ಆಮೇಲೆ ಮೊಣಕಾಲು, ಕೈಯಲ್ಲಿನ ಕಾಫಿ ಲೋಟ, ಕೊನೆಗೆ ಮುಖ. ಇಳಿಯುವಾಗ ಇದೇ ತಿರುವುಮುರುವು: ಮೊದಲು ತಲೆಗೂದಲು, ಕೊನೆಗೆ ಬೂಟು. ಎರಡು ಮಹಡಿಗಳ ನಡುವೆ ಕೆಲವು ಸೆಕೆಂಡು ಬರೀ ಗೋಡೆ, ಮತ್ತೆ ಬೆಳಕು. ಮೊಬೈಲು ಹೊರತೆಗೆಯಲು ಮನಸ್ಸೇ ಬಾರದ ಲಿಫ್ಟ್ ಇದು, ತೆಗೆಯಲೂ ಬಾರದು. ಒಂದು ಕೈ ಹಿಡಿಕೆಗೆ ಬೇಕು.

ಹತ್ತುವ ಕ್ರಮ ಹೀಗಿದೆ. ಓಡುವ ಬಸ್ಸಿನ ಫುಟ್‌ಬೋರ್ಡಿಗೆ ಜಿಗಿದು ರೂಢಿಯಿದ್ದವರು ಆ ರೂಢಿಯನ್ನು ಕೆಳಗೇ ಬಿಟ್ಟುಬನ್ನಿ. ಇಲ್ಲಿ ನಾವು ನಿಲ್ಲಬೇಕು, ಪೆಟ್ಟಿಗೆ ಬರಬೇಕು. ಅಂಚಿನಿಂದ ಅರ್ಧ ಹೆಜ್ಜೆ ಹಿಂದೆ ನಿಂತು ಪಕ್ಕದ ಹಿಡಿಕೆ ಹಿಡಿಯಿರಿ. ಮೇಲೆ ಹೋಗುವ ಸಾಲಿನಲ್ಲಿ ಪೆಟ್ಟಿಗೆಯ ನೆಲ ಮಹಡಿಗಿಂತ ಒಂದು ಗೇಣು ಕೆಳಗಿದ್ದಾಗಲೇ ಕಾಲೆತ್ತಿ. ಪಾದ ಊರುವಷ್ಟರಲ್ಲಿ ಎರಡೂ ಸಮವಾಗಿರುತ್ತವೆ. ಕೆಳಗಿಳಿಯುವ ಸಾಲಿನಲ್ಲಿ ನೆಲ ಗೇಣು ಮೇಲಿದ್ದಾಗ ಹೆಜ್ಜೆ ಇಡಿ. ಒಂದೇ ಹೆಜ್ಜೆ, ಮೈಯೆಲ್ಲ ಒಟ್ಟಿಗೆ ಒಳಗೆ. ನಂತರ ಹಿಂಗೋಡೆಗೆ ಸರಿದು ನಿಂತುಬಿಡಿ. ಇಳಿಯುವಾಗಲೂ ಅಷ್ಟೇ: ನೆಲ ಸಮವಾಗುವ ಮುನ್ನ ಸಿದ್ಧರಾಗಿ, ಸಮವಾದಾಗ ಹೊರಗೆ ಬನ್ನಿ, ಬಂದ ಕೂಡಲೇ ಎರಡು ಹೆಜ್ಜೆ ಮುಂದೆ ಹೋಗಿ. ನಿಮ್ಮ ಹಿಂದಿನ ಪೆಟ್ಟಿಗೆಯವರಿಗೂ ಅದೇ ಜಾಗ ಬೇಕು.

ಹೊಸ್ತಿಲ ಮೇಲೆ ನಿಲ್ಲಬೇಡ ಎಂದು ನಮ್ಮ ಮನೆಗಳಲ್ಲಿ ಹಿರಿಯರು ಗದರುವ ಮಾತು ಇಲ್ಲಿ ಅಕ್ಷರಶಃ ಸುರಕ್ಷತಾ ನಿಯಮ. ಅಪಾಯ ಎರಡು ಬಗೆಯದು. ಮೇಲೇರುವ ಸಾಲಿನಲ್ಲಿ ಕಾಲೋ ಚೀಲವೋ ಪೆಟ್ಟಿಗೆಯಿಂದ ಹೊರಚಾಚಿದ್ದರೆ, ಪೆಟ್ಟಿಗೆಯ ನೆಲಕ್ಕೂ ಮೇಲಿನ ಬಾಗಿಲ ಚೌಕಟ್ಟಿಗೂ ನಡುವೆ ಸಿಕ್ಕುತ್ತದೆ. ಇಳಿಯುವ ಸಾಲಿನಲ್ಲಿ ತಡವಾಗಿ ನುಗ್ಗಿದವರ ತಲೆಯ ಮೇಲೆ ಪೆಟ್ಟಿಗೆಯ ಚಾವಣಿ ಬರುತ್ತದೆ, ಕೆಳಗೆ ಮಹಡಿಯ ನೆಲ. ಇದಕ್ಕಾಗಿಯೇ ಅಂಚುಗಳಲ್ಲಿ ಕೀಲು ಹಾಕಿದ ಹಲಗೆಗಳಿರುತ್ತವೆ. ಏನಾದರೂ ತಾಗಿದರೆ ಹಲಗೆ ಮಡಚಿಕೊಂಡು ಸ್ವಿಚ್ಚನ್ನು ಒತ್ತುತ್ತದೆ, ಮೋಟಾರು ನಿಲ್ಲುತ್ತದೆ. ಎರಡು ಪೆಟ್ಟಿಗೆಗಳ ನಡುವಿನ ಖಾಲಿ ಜಾಗಕ್ಕೆ ಯಾರೂ ಬೀಳದಂತೆ ಹಲಗೆ ಮುಚ್ಚಿರುತ್ತಾರೆ. ತುರ್ತು ಗುಂಡಿಗಳು ಬೇರೆ. ಇಷ್ಟೆಲ್ಲ ಇದ್ದೂ ಈ ಬಗೆಯ ಲಿಫ್ಟುಗಳು ಜೀವ ತೆಗೆದಿವೆ. 2012ರಲ್ಲಿ ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ 81 ವರ್ಷದ ವೃದ್ಧರೊಬ್ಬರು ಪ್ಯಾಟರ್‌ನಾಸ್ಟರ್‌ನ ಬಾವಿಗೆ ಬಿದ್ದು ತೀರಿಕೊಂಡರು.

ಇಲ್ಲಿಂದ ನನ್ನ ಮೆಚ್ಚುಗೆ ಇಳಿಯತೊಡಗುತ್ತದೆ. ದಿನಬಳಕೆಯಲ್ಲಿ ಕಾಡುವ ದೋಷವೂ ಇದೇ ಹಲಗೆಯದ್ದು. ಬೆನ್ನುಚೀಲ ಹಾಕಿಕೊಂಡೇ ಹತ್ತಿದ ಒಬ್ಬರ ಪಟ್ಟಿ ಅಂಚಿಗೆ ತಾಗಿದರೆ ಸಾಕು, ಅಷ್ಟೂ ಪೆಟ್ಟಿಗೆಗಳು ಒಮ್ಮೆಲೇ ನಿಲ್ಲುತ್ತವೆ. ಮಾಮೂಲಿ ಲಿಫ್ಟ್ ಕೆಟ್ಟರೆ ಒಂದು ಪೆಟ್ಟಿಗೆಯ ಜನರಿಗೆ ತೊಂದರೆ. ಇಲ್ಲಿ ಎಲ್ಲ ಪೆಟ್ಟಿಗೆಗಳೂ ಅದೇ ಎರಡು ಸರಪಳಿಗಳಿಗೆ ಜೋತುಬಿದ್ದಿವೆ, ಆದ್ದರಿಂದ ಒಬ್ಬರ ಅವಸರಕ್ಕೆ ಎಲ್ಲರಿಗೂ ಶಿಕ್ಷೆ. ಸಿಬ್ಬಂದಿ ಬಂದು ಎಲ್ಲಿ ಏನು ಸಿಕ್ಕಿದೆ ಎಂದು ನೋಡಿ ಖಾತ್ರಿಮಾಡಿಕೊಂಡ ಮೇಲೆಯೇ ಅದು ಮತ್ತೆ ಚಲಿಸಬೇಕು, ಹಾಗಿರುವುದೇ ಸರಿ. ಆದರೆ ಬೆಳಗಿನ ಹೊತ್ತು ಅದು ಪದೇಪದೇ ಆದರೆ ‘ಕಾಯಬೇಕಿಲ್ಲ’ ಎಂಬ ಹೆಗ್ಗಳಿಕೆಗೆ ಅರ್ಥವೇ ಉಳಿಯುವುದಿಲ್ಲ. ಚೀಲವನ್ನು ಬೆನ್ನಿನಿಂದ ಇಳಿಸಿ ಎದೆಗೆ ಅವುಚಿಕೊಳ್ಳಿ. ದುಪಟ್ಟಾ, ಸೆರಗು, ಉದ್ದ ಸ್ಕಾರ್ಫ್‌ಗಳನ್ನು ಸುತ್ತಿ ಸಿಕ್ಕಿಸಿಕೊಳ್ಳಿ. ಶೆಫೀಲ್ಡ್‌ನ ಮಳೆಯಲ್ಲಿ ನೆನೆದ ಬೂಟಿನ ಅಡಿಯನ್ನು ಕಾಲೊರಸಿನ ಮೇಲೆ ಚೆನ್ನಾಗಿ ಉಜ್ಜಿಕೊಂಡೇ ಬನ್ನಿ. ಕೊಡೆಯನ್ನು ಕೋಲಿನಂತೆ ಮುಂದೆ ಚಾಚಿ ಹತ್ತುವುದಂತೂ ಬೇಡವೇ ಬೇಡ.

ಇನ್ನೂ ದೊಡ್ಡ ಕೊರತೆ, ಇದು ಎಲ್ಲರ ಲಿಫ್ಟ್ ಅಲ್ಲ. ಗಾಲಿಕುರ್ಚಿ ಹತ್ತುವಂತಿಲ್ಲ, ಮಗುವಿನ ತಳ್ಳುಗಾಡಿ ಹತ್ತುವಂತಿಲ್ಲ, ಊರುಗೋಲು ಹಿಡಿದವರಿಗೆ, ಕಣ್ಣು ಮಂಜಾದವರಿಗೆ, ಗಂಟು-ಮೂಟೆ ಹೊತ್ತವರಿಗೆ ಇದು ಹೇಳಿದ್ದಲ್ಲ. ಆರ್ಟ್ಸ್ ಟವರ್‌ನಲ್ಲಿ ಎರಡು ಮಾಮೂಲಿ ಲಿಫ್ಟ್‌ಗಳೂ ಇರುವುದರಿಂದ ಇದನ್ನು ಒಪ್ಪಬಹುದು. ಪ್ಯಾಟರ್‌ನಾಸ್ಟರ್ ಒಂದನ್ನೇ ನಂಬಿದ ಕಟ್ಟಡಕ್ಕೆ ನಾನು ಒಂದು ನಕ್ಷತ್ರವನ್ನೂ ಕೊಡೆನು.

ಹಾಗಂತ ಮುಚ್ಚಿಬಿಡಿ ಎನ್ನುವವರ ಪಕ್ಷವೂ ನನ್ನದಲ್ಲ. ಪಶ್ಚಿಮ ಜರ್ಮನಿ 1974ರಲ್ಲೇ ಹೊಸದಾಗಿ ಕಟ್ಟುವುದನ್ನು ನಿಲ್ಲಿಸಿತು. 2015ರ ಜೂನ್‌ನಲ್ಲಿ, ಬಳಸುವ ಕ್ರಮದ ತರಬೇತಿ ಪಡೆದ ನೌಕರರಷ್ಟೇ ಹತ್ತಬಹುದು ಎಂಬ ನಿಯಮ ಜರ್ಮನಿಯಲ್ಲಿ ಜಾರಿಗೆ ಬಂತು. ಜನ ಸಿಟ್ಟಿಗೆದ್ದರು, ಕೆಲವೇ ವಾರಗಳಲ್ಲಿ ನಿಯಮ ಸಡಿಲವಾಯಿತು. ಎಚ್ಚರಿಕೆಯ ಫಲಕ ಹಾಕಿ, ಅಂಚಿನ ಹಲಗೆಗಳನ್ನು ಸುಸ್ಥಿತಿಯಲ್ಲಿಟ್ಟು, ಜನಸಂದಣಿಯ ಹೊತ್ತು ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿದರೆ ಅಪಾಯದ ಬಹುಪಾಲು ಕಡಿಮೆಯಾಗುತ್ತದೆ.

ಉಳಿದದ್ದು ನಿರ್ವಹಣೆ, ಅದು ದುಬಾರಿ. ಎರಡು ಸರಪಳಿಗಳೂ ಸಮನಾಗಿ ಸವೆಯಬೇಕು. ಒಂದು ಹೆಚ್ಚು ಜಗ್ಗಿದರೆ ಪೆಟ್ಟಿಗೆ ಒಂದು ಕಡೆ ವಾಲಿ ಹಳಿಗೆ ಉಜ್ಜುತ್ತದೆ. ಹತ್ತಿದವರಿಗೆ ಇದು ಒಂದೇ ಜಾಗದಲ್ಲಿ ಪ್ರತಿ ಸಲ ಬರುವ ‘ಕಟಕ್’ ಸದ್ದಾಗಿ ಕೇಳುತ್ತದೆ. ಕೇಳಿದರೆ ಅಂದೇ ಸಿಬ್ಬಂದಿಗೆ ತಿಳಿಸಿ. ಅಂಗಡಿಯಲ್ಲಿ ಬಿಡಿಭಾಗ ಸಿಗುವ ಯಂತ್ರ ಇದಲ್ಲ, ಮಾಡಿಸಿ ತರಿಸಬೇಕು, ಅಷ್ಟು ದಿನ ಲಿಫ್ಟ್ ನಿಂತಿರುತ್ತದೆ.

ಯಾರಿಗೆ ಒಪ್ಪುತ್ತದೆ? ಎರಡರಿಂದ ಆರು ಮಹಡಿ ಓಡಾಡುವವರಿಗೆ ಇದಕ್ಕೆ ಸಾಟಿಯಿಲ್ಲ, ಐದಕ್ಕೆ ಐದು. ಹದಿನೈದನೆಯ ಮಹಡಿಗೆ ಹೋಗುವವರಿಗೆ ಮೂರು ನಿಮಿಷ ಹಿಡಿಯುತ್ತದೆ. ಅವರಿಗೆ ಮಾಮೂಲಿ ಲಿಫ್ಟೇ ಲೇಸು. ಒಂದು ಮಹಡಿಗಾದರೆ ಮೆಟ್ಟಿಲು ಹತ್ತಿ.

ಮೇಲಿನ ಸುತ್ತನ್ನು ದಾಟಿ ನೋಡುವ ಆಸೆಗೆ ನನ್ನ ಉತ್ತರ ಬೇಡ ಎಂದೇ. ನ್ಯೂಕಾಸಲ್ ವಿಶ್ವವಿದ್ಯಾಲಯದ ಕ್ಲೇರ್‌ಮಾಂಟ್ ಟವರ್‌ನ ಪ್ಯಾಟರ್‌ನಾಸ್ಟರ್‌ನಲ್ಲಿ 1989ರಲ್ಲಿ ಹಾಗೆ ದಾಟಲು ಹೋದವರು ಸರಪಳಿಗೆ ಸಿಕ್ಕಿ, ಅಗ್ನಿಶಾಮಕ ದಳ ಬಂದು ಬಿಡಿಸಬೇಕಾಯಿತು. ಮರೆತು ಮೇಲಕ್ಕೆ ಹೋದರೆ ಗಾಬರಿಯಾಗಬೇಡಿ. ಹಿಂಗೋಡೆಗೆ ಒತ್ತಿ ನಿಲ್ಲಿ, ಕೈಕಾಲು ಒಳಗಿರಲಿ, ಗಾಲಿಗಳ ಸದ್ದು ಕಳೆದು ಮತ್ತೆ ಬೆಳಕು ಬಂದ ಮಹಡಿಯಲ್ಲಿ ಇಳಿಯಿರಿ. ಎರಡು ಮಹಡಿಗಳ ನಡುವೆ ನಿಂತುಹೋದರೂ ಹೀಗೆಯೇ. ಕಿಂಡಿ ಎಷ್ಟೇ ಅಗಲವಾಗಿ ಕಂಡರೂ ತೂರಿ ಹೊರಬರಲು ಹೋಗಬೇಡಿ. ಪೆಟ್ಟಿಗೆ ಯಾವ ಗಳಿಗೆಯಲ್ಲಾದರೂ ಮತ್ತೆ ಹೊರಟೀತು.