ಹುಳ ಬಿದ್ದ ಬೀದಿನಾಯಿಗೆ ಯಾವ ಔಷಧಿ? ಸ್ಪ್ರೇ, ಪುಡಿ, ಟರ್ಪೆಂಟೈನ್, ಮುಲಾಮು

ಮಳೆಗಾಲ ಶುರುವಾಯಿತೆಂದರೆ ಬಾಗಲಕೋಟೆಯ ನವನಗರ, ವಿದ್ಯಾಗಿರಿ ಕಡೆ ಮನೆಯ ಗೇಟಿನೊಳಗೆ, ನಿಲ್ಲಿಸಿದ ಕಾರಿನ ಕೆಳಗೆ ಇದ್ದಕ್ಕಿದ್ದಂತೆ ಯಾವುದೋ ನಾಯಿ ಬಂದು ಮಲಗಿರುತ್ತದೆ. ಹಚಾ ಅಂದರೂ ಏಳುವುದಿಲ್ಲ. ಪದೇ ಪದೇ ತಲೆ ಕೊಡವುತ್ತದೆ, ಹತ್ತಿರ ಹೋದರೆ ಕೊಳೆತ ಮಾಂಸದ ನಾತ. ಕಿವಿಯ ಹಿಂದೆ, ಕುತ್ತಿಗೆಯ ಮೇಲೆ ಅಥವಾ ನೆತ್ತಿಯಲ್ಲಿ ಒಂದು ತೂತು, ಅದರಿಂದ ರಕ್ತ ಬೆರೆತ ನೀರು. ನಾಲಿಗೆ ಎಟುಕುವ ಗಾಯವನ್ನು ನಾಯಿ ತಾನೇ ನೆಕ್ಕಿ ಸ್ವಚ್ಛ ಇಟ್ಟುಕೊಳ್ಳುತ್ತದೆ. ಎಟುಕದ ಕಡೆಯೇ ಹುಳ ಬೀಳುವುದು ಹೆಚ್ಚು.

ಇದಕ್ಕೆಂದು ದನದ ಔಷಧಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ನಾಲ್ಕು: ಟಾಪಿಕ್ಯೂರ್ ತರಹದ ಗಿಡಮೂಲಿಕೆ ಸ್ಪ್ರೇ, ನೆಗಾಸಂಟ್ ಪುಡಿ, ಟರ್ಪೆಂಟೈನ್ ಎಣ್ಣೆ, ಹಿಮ್ಯಾಕ್ಸ್ ಮುಲಾಮು. ಮನೆಯಲ್ಲಿ ಒಂದನ್ನೇ ಇಟ್ಟುಕೊಳ್ಳುವುದಾದರೆ ಸ್ಪ್ರೇ ಇಟ್ಟುಕೊಳ್ಳಿ. ಯಾಕೆಂದರೆ ಹುಳ ಬದುಕುವ ರೀತಿಯೇ ಹಾಗಿದೆ. ನೊಣ ಗಾಯದ ಅಂಚಿನಲ್ಲಿ ಇಟ್ಟ ಮೊಟ್ಟೆ ಒಂದು ದಿನದೊಳಗೆ ಒಡೆಯುತ್ತದೆ. ಮರಿಹುಳ ತಲೆಯನ್ನು ಮಾಂಸದೊಳಗೆ ಹುಗಿದು, ಹಿಂಭಾಗದ ರಂಧ್ರಗಳನ್ನು ಹೊರಗಿಟ್ಟು ಉಸಿರಾಡುತ್ತ ಸುಮಾರು ಒಂದು ವಾರ ತಿನ್ನುತ್ತದೆ. ಆ ರಂಧ್ರ ಮುಚ್ಚಿದರೆ ಅಥವಾ ಘಾಟು ತಾಗಿದರೆ ಉಸಿರಿಗಾಗಿ ಮೇಲೆ ಬರುತ್ತದೆ. ಆಗ ಹಿಡಿದು ತೆಗೆಯಬಹುದು. ಒಳಗೇ ಸತ್ತರೆ ಅಲ್ಲೇ ಕೊಳೆತು ಗಾಯ ಕೀವಾಗುತ್ತದೆ, ಆ ವಾಸನೆಗೆ ಮತ್ತೆ ನೊಣ ಬರುತ್ತದೆ.

ಸ್ಪ್ರೇಯ ಕೆಲಸ ಇಲ್ಲಿ ಚೆನ್ನಾಗಿದೆ. ಗಾಯದ ಬಾಯಿಗೂ ಸುತ್ತಲಿನ ಕೂದಲಿಗೂ ಹೊಡೆದು ಐದು ನಿಮಿಷ ಬಿಟ್ಟರೆ ಮೇಲಿನ ಸಾಲಿನ ಹುಳ ಹೊರಳಾಡುತ್ತ ಹೊರಗೆ ಬರುತ್ತವೆ. ಅದರ ವಾಸನೆಗೆ ಹೊಸ ನೊಣ ಕೂಡುವುದು ಕಡಿಮೆ, ನಾಯಿಯೂ ಅಲ್ಲಿ ನೆಕ್ಕಲು ಹಿಂಜರಿಯುತ್ತದೆ. ಬೀದಿನಾಯಿಗೆ ಇದು ದೊಡ್ಡ ಅನುಕೂಲ. ನೆಕ್ಕದಂತೆ ಕುತ್ತಿಗೆಗೆ ಕಟ್ಟುವ ಪ್ಲಾಸ್ಟಿಕ್ ಆಲಿಕೆ ಸಾಕುನಾಯಿಗೆ ಸರಿ. ಓಣಿಯಲ್ಲಿ ತಿರುಗುವ ನಾಯಿಗೆ ಹಾಕಿದರೆ ಅದು ಗಟಾರಿಗೋ ಬೇಲಿಗೋ ಸಿಕ್ಕಿಕೊಂಡು ಉಪವಾಸ ಬೀಳುತ್ತದೆ. ಸ್ಪ್ರೇಯ ಕೊರತೆ ಎರಡು. ಬೆರಳು ಹೋಗುವಷ್ಟು ಆಳದ ತೂತಿನ ತಳಕ್ಕೆ ಅದು ಮುಟ್ಟುವುದಿಲ್ಲ. ‘ಚುಸ್’ ಎಂಬ ಸದ್ದಿಗೆ ನಾಯಿ ಬೆದರಿ ಓಡುತ್ತದೆ. ಆದ್ದರಿಂದ ಮೊದಲು ಗಾಜ್ ಬಟ್ಟೆಯ (ಗಾಯಕ್ಕೆ ಬಳಸುವ ಜಾಳು ಹತ್ತಿಬಟ್ಟೆ) ಮೇಲೆ ಹೊಡೆದುಕೊಂಡು ಅದನ್ನು ಗಾಯಕ್ಕೆ ಒತ್ತುವುದು ಮೇಲು. ಕಣ್ಣಿನ ಹತ್ತಿರ, ಕಿವಿಯ ನಾಳದೊಳಗೆ ಹೊಡೆಯಬಾರದು.

ಪುಡಿಯ ಬಗ್ಗೆ ಎಚ್ಚರಿಕೆ ಬೇಕು. ನೆಗಾಸಂಟ್ ಡಬ್ಬಿಯ ಮೇಲಿನ ಚೀಟಿ ಓದಿದರೆ ಕೂಮಾಫಾಸ್, ಪ್ರೊಪಾಕ್ಸರ್, ಸಲ್ಫಾನಿಲಮೈಡ್ ಎಂದಿರುತ್ತದೆ. ಮೊದಲೆರಡು ಕೀಟನಾಶಕಗಳು. ಹುಳ ಕೊಲ್ಲುವುದರಲ್ಲಿ ಇದು ಗಟ್ಟಿ, ಆದರೆ ಒಳಗೇ ಕೊಲ್ಲುತ್ತದೆ. ಮೇಲಾಗಿ ನಾಯಿ ನೆಕ್ಕಿದರೆ ವಿಷ ಹೊಟ್ಟೆಗೆ ಹೋಗುತ್ತದೆ. ಜೊಲ್ಲು ಸುರಿಯುವುದು, ವಾಂತಿ, ಮೈ ನಡುಕ, ಕಣ್ಣಿನ ಪಾಪೆ ಸಣ್ಣದಾಗುವುದು ಅದರ ಲಕ್ಷಣ. ಕೂಡಲೇ ಪಶುವೈದ್ಯರ ಹತ್ತಿರ ಹೋಗಬೇಕು, ಈ ವಿಷಕ್ಕೆ ಪ್ರತಿಮದ್ದಾದ ಅಟ್ರೋಪಿನ್ ಕೊಡುವುದು ಅವರ ಕೆಲಸ. ಬೆಕ್ಕಿಗೆ, ಸಣ್ಣ ಕುನ್ನಿಗಳಿಗೆ, ಹಾಲುಣಿಸುವ ತಾಯಿಗೆ ಈ ಪುಡಿ ಬೇಡವೇ ಬೇಡ. ಬಲಿತ ನಾಯಿಗಾದರೆ ಹುಳ ತೆಗೆದ ಮೇಲೆ, ನಾಲಿಗೆ ಎಟುಕದ ಕಡೆ, ಗಾಯದ ಸುತ್ತ ಒಂದು ಚಿಟಿಕೆ. ಅದೂ ವೈದ್ಯರು ಹೇಳಿದರೆ. ತೂತು ತುಂಬುವಷ್ಟು ಸುರಿಯುವುದನ್ನು ಎಷ್ಟೋ ಕಡೆ ನೋಡುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ.

ಟರ್ಪೆಂಟೈನ್ ಎಣ್ಣೆ ಅಗ್ಗ, ಆಳದ ಹುಳ ಎಬ್ಬಿಸುತ್ತದೆ, ಆದರೆ ಹಸಿ ಮಾಂಸವನ್ನು ಸುಡುತ್ತದೆ. ನೋವಿಗೆ ನಾಯಿ ಕಚ್ಚುವುದು ಈ ಹೊತ್ತಿನಲ್ಲೇ. ಗಾಜ್ ತುಂಡಿಗೆ ನಾಲ್ಕೈದು ಹನಿ ಹಾಕಿ, ತೂತಿನ ಬಾಯಿಗೆ ಎರಡು ನಿಮಿಷ ಹಿಡಿದು ತೆಗೆದುಬಿಡಬೇಕು. ಒಳಗೆ ಸುರಿಯಬಾರದು, ಬೆಕ್ಕಿಗೆ ಮುಟ್ಟಿಸಲೇಬಾರದು. ಸೀಮೆಎಣ್ಣೆ, ಫಿನಾಯಿಲ್, ನುಸಿಗುಳಿಗೆ ಪುಡಿ ಇವು ಯಾವುವೂ ಔಷಧಿ ಅಲ್ಲ. ಹಿಮ್ಯಾಕ್ಸ್ ಮುಲಾಮು ಕೊನೆಯ ಹಂತದ್ದು: ಗಾಯ ಕೆಂಪಗೆ, ಸ್ವಚ್ಛ ಕಂಡಮೇಲೆ ತೆಳ್ಳಗೆ ಹಚ್ಚಲು ಒಳ್ಳೆಯದು. ಹುಳ ಇರುವಾಗ ಇದೊಂದನ್ನೇ ನಂಬಿದರೆ ದಿನ ಹಾಳು.

ಯಾವ ಔಷಧಿ ತಂದರೂ ಚಿಮಟ ಹಿಡಿಯದೆ ಕೆಲಸ ಮುಗಿಯುವುದಿಲ್ಲ. ರಬ್ಬರ್ ಕೈಗವಸು ಹಾಕಿಕೊಳ್ಳಿ. ರೊಟ್ಟಿ, ಹಾಲು ಕೊಟ್ಟು ನಾಯಿಯನ್ನು ಪಳಗಿಸಿ, ಬ್ಯಾಂಡೇಜ್ ಪಟ್ಟಿಯನ್ನು ಮೂತಿಗೆ ಒಂದು ಸುತ್ತು ಹಾಕಿ, ಗದ್ದದ ಕೆಳಗೆ ಅಡ್ಡ ದಾಟಿಸಿ, ಕಿವಿಯ ಹಿಂದೆ ಕಟ್ಟಿ. ಏದುಸಿರು ಬಿಡುತ್ತಿದ್ದರೆ, ವಾಂತಿ ಮಾಡುತ್ತಿದ್ದರೆ ಬಾಯಿ ಕಟ್ಟಬಾರದು. ಗಾಯದ ಸುತ್ತ ಎರಡು ಬೆರಳಷ್ಟು ಅಗಲ ಕೂದಲು ಕತ್ತರಿಸಿ; ಮೊಟ್ಟೆಗಳು ಅಕ್ಕಿನುಚ್ಚಿನಂತೆ ಅಲ್ಲೇ ಅಂಟಿಕೊಂಡಿರುತ್ತವೆ. ಮುಧೋಳ ತಳಿಯ ಬೆರಕೆ ಇರುವ ನಾಯಿಗಳಲ್ಲಿ ಕೂದಲು ಗಿಡ್ಡ, ಗಾಯ ಬೇಗ ಕಾಣುತ್ತದೆ. ಆದರೆ ಚರ್ಮ ತೆಳು, ಕತ್ತರಿ ಜೋಪಾನ. ಸ್ಪ್ರೇ ಹೊಡೆದು, ಬಂದ ಹುಳಗಳನ್ನು ಒಂದೊಂದೇ ತೆಗೆದು ಸೋಪಿನ ನೀರಿನ ಡಬ್ಬಿಗೆ ಹಾಕಿ. ನೆಲಕ್ಕೆ ಒಗೆದರೆ ಮಣ್ಣಿಗಿಳಿದು ನೊಣವಾಗಿ ಏಳುತ್ತವೆ. ಆಮೇಲೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ, ಅಂದರೆ ಸುಮಾರು ಒಂದೂವರೆ ಚಹಾ ಚಮಚ ಉಪ್ಪು ಕರಗಿಸಿ, ಸೂಜಿ ತೆಗೆದ 20 ಮಿ.ಲೀ. ಸಿರಿಂಜಿನಿಂದ ತೂತಿನೊಳಗೆ ಹಾಯಿಸಿ. ಕೊನೆಗೆ ಪೊವಿಡೋನ್ ಅಯೋಡಿನ್ ಎಂಬ ನಂಜುನಿರೋಧಕ ದ್ರಾವಣವನ್ನು ತಿಳಿ ಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ ತೊಳೆದು, ಸುತ್ತಲೂ ಮತ್ತೆ ಸ್ಪ್ರೇ.

ಮೊದಲ ದಿನವೇ ಎಲ್ಲಾ ಹುಳ ಹೊರಬರುವುದು ಅಪರೂಪ. ಸಣ್ಣವು ಒಳಗೇ ಉಳಿದಿರುತ್ತವೆ, ದಿನಾ ಇದನ್ನೇ ಮಾಡಬೇಕು; ಸತತ ಮೂರು ದಿನ ಒಂದೂ ಕಾಣದಿದ್ದರೆ ಮುಲಾಮಿಗೆ ಇಳಿಯಬಹುದು. ಬಿಗಿ ಪಟ್ಟಿ ಕಟ್ಟಬೇಡಿ, ಒದ್ದೆಯಾಗಿ ಒಳಗೆ ಏನಾಗಿದೆ ಎಂದೇ ತಿಳಿಯುವುದಿಲ್ಲ. ಮನೆಯಲ್ಲಿರುವ ನೋವಿನ ಗುಳಿಗೆಯನ್ನೂ ಕೊಡಬೇಡಿ: ಐಬುಪ್ರೊಫೇನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆ, ಮೂತ್ರಪಿಂಡ ಕೆಡಿಸುತ್ತವೆ, ಪ್ಯಾರಾಸಿಟಮಾಲ್ ಬೆಕ್ಕಿನ ಜೀವವನ್ನೇ ತೆಗೆಯುತ್ತದೆ. ಕಿವಿಯ ತುದಿಯಲ್ಲಿ ಒಣಗಿದ ‘ವಿ’ ಆಕಾರದ ಕಚ್ಚು ಕಂಡರೆ ಅದು ಗಾಯವಲ್ಲ, ಸಂತಾನಶಕ್ತಿ ಹರಣ ಚಿಕಿತ್ಸೆ ಆಗಿರುವ ಗುರುತು. ಅದಕ್ಕೆ ಔಷಧಿ ಬೇಡ.

ಕಣ್ಣಿನ ಗುಳಿ, ಕಿವಿಯ ಒಳನಾಳ, ಗುದದ್ವಾರ, ಎಲುಬು ಕಾಣುವ ಗಾಯ ಇವಕ್ಕೆ ಮನೆಮದ್ದು ಸಾಲದು. ದನದ ದವಾಖಾನೆಗೆ ಒಯ್ಯಿರಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಕೇಳಿ. ನಾಯಿ ತೂರಾಡುತ್ತಿದ್ದರೆ, ನುಂಗಲಾರದೆ ಜೊಲ್ಲು ಸುರಿಸುತ್ತಿದ್ದರೆ, ಕಾರಣವಿಲ್ಲದೆ ಮೇಲೆ ಬೀಳುತ್ತಿದ್ದರೆ ಮುಟ್ಟಲೇಬೇಡಿ, ಅದು ರೇಬೀಸ್ ಇರಬಹುದು. ಕಚ್ಚಿದರೆ, ಪರಚಿದರೆ, ಗೀರಿದ ಚರ್ಮಕ್ಕೆ ಜೊಲ್ಲು ತಾಗಿದರೆ ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ರೇಬೀಸ್ ಲಸಿಕೆಯಾದರೆ 0, 3, 7, 28ನೇ ದಿನ. ರಕ್ತ ಬಂದ ಗಾಯವಿದ್ದರೆ ಗಾಯದ ಜಾಗಕ್ಕೇ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು, ಅದನ್ನು ಕೇಳಿ ಪಡೆಯಿರಿ.