ವಲಿಯಪರಂಬಕ್ಕೆ ಹೌಸ್‌ಬೋಟ್ ಬುಕ್ ಮಾಡುವವರು ಅಡ್ವಾನ್ಸ್ ಹಾಕುವ ಮುಂಚೆ ಇದೊಂದು ಓದಿ

ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಯವರು, ಪುತ್ತೂರು ಸುಳ್ಯದಿಂದ ಬರುವ ನೆಂಟರು, ಬೆಂಗಳೂರಲ್ಲಿದ್ದು ರಜೆಗೆ ಊರಿಗೆ ಬರುವವರು, ಎಲ್ಲರಿಗೂ ಸೇರಿಸಿಯೇ ಹೇಳ್ತಾ ಇದ್ದೇನೆ. ಈಗ ಯಾರ ಮನೆಯಲ್ಲಿ ನೋಡಿದ್ರೂ ಬೇಕಲ ಮತ್ತೆ ಹೌಸ್‌ಬೋಟ್, ಇದೇ ಮಾತು. ಆಲಪ್ಪುಳಕ್ಕೆ ಹೋಗುದಾದ್ರೆ ರಾತ್ರಿ ಇಡೀ ಟ್ರೈನಲ್ಲಿ ಕೂರಬೇಕು, ಇಲ್ಲಿ ನೀಲೇಶ್ವರದ ಕೋಟ್ಟಪ್ಪುರದಲ್ಲಿ ಹತ್ತಿದ್ರೆ ಅಂಥದ್ದೇ ಹಿನ್ನೀರು, ಅಂಥದ್ದೇ ತೆಂಗಿನ ತೋಟ, ಜನ ಮಾತ್ರ ಕಡಿಮೆ. ಅದು ಸುಳ್ಳಲ್ಲ. ಒಂದು ಕಡೆ ಕವ್ವಾಯಿ ಹಿನ್ನೀರು, ಇನ್ನೊಂದು ಕಡೆ ಅರಬ್ಬಿ ಸಮುದ್ರ, ನಡುವೆ ಉದ್ದಕ್ಕೆ ವಲಿಯಪರಂಬ ಅಂತ ಒಂದು ಪಟ್ಟಿ ನೆಲ, ಜಾಗದ ಬಗ್ಗೆ ನನ್ನದು ಒಂದು ಮಾತಿಲ್ಲ. ನನ್ನ ಕಂಪ್ಲೇಂಟ್ ಇರುದು ಬೋಟ್ ಓಡಿಸುವ ಕೆಲವರ ಬಗ್ಗೆ ಮತ್ತೆ ಅವರಿಗೆ ಗಿರಾಕಿ ಹಿಡಿದು ಕೊಡುವ ಏಜೆಂಟರ ಬಗ್ಗೆ.

ಕ್ರಿಸ್‌ಮಸ್ ರಜೆಗೆ ಅಕ್ಕ ಭಾವ ಮಕ್ಕಳ ಜೊತೆ ಬಂದಿದ್ರು. ಭಾವ ಬೆಂಗಳೂರಲ್ಲಿ ಕೂತು ಫೋನಲ್ಲೇ ಬುಕ್ ಮಾಡಿದ್ದು, ರೀಲ್ ನೋಡಿ. ರೀಲ್ ಅಂದ್ರೆ ಭಾರೀ ಚಂದ ಇತ್ತು ಮಾರಾಯ್ರೇ, ಎರಡು ಮಾಳಿಗೆಯ ಬೋಟು, ಬಿದಿರಿನ ಚಾಪೆಯ ಮಾಡು, ಮೇಲೆ ಕೂತು ಒಬ್ಬರು ಎಳನೀರು ಕುಡೀತಾ ಇದ್ದಾರೆ, ಹಿಂದೆ ಮ್ಯೂಸಿಕ್. ನಂಬರಿಗೆ ಮೆಸೇಜ್ ಹಾಕಿದ್ರೆ ಎರಡು ನಿಮಿಷದಲ್ಲಿ ರಿಪ್ಲೈ, ಫೋಟೊ ಮೇಲೆ ಫೋಟೊ. ನಿಮ್ಮ ಫ್ಯಾಮಿಲಿಗೆ ಮಾತ್ರ, ಬೇರೆ ಯಾರೂ ಇರುದಿಲ್ಲ, ಮೂರೂವರೆಗೆ ಹತ್ತುದು, ಆರಕ್ಕೆ ಇಳಿಯುದು, ಚಾ ತಿಂಡಿ ಸೇರಿ ಇಷ್ಟು, ಅದರಲ್ಲಿ ಅರ್ಧ ಈಗಲೇ ಹಾಕಿ ಅಂತ. ಗೂಗಲ್ ಪೇ ಮಾಡಿದ್ದು ಯಾವುದೋ ಒಬ್ಬನ ಪರ್ಸನಲ್ ಅಕೌಂಟಿಗೆ, ರಶೀದಿ ಇಲ್ಲ, ಬೋಟಿನ ಹೆಸರಿಲ್ಲ, ನಂಬರಿಲ್ಲ. ಹೆಸರು ಹೇಳಿ ಅಂತ ನೀವು ಕೇಳ್ತೀರಿ ಅಂತ ಗೊತ್ತುಂಟು, ಕಂಪ್ಲೇಂಟ್ ಕೊಟ್ಟಾಗಿದೆ, ಅದು ಮುಗಿಯದೆ ಇಲ್ಲಿ ಹಾಕುದಿಲ್ಲ. ಮತ್ತೆ ಈ ತರ ಮಾಡುವವ ಅವನೊಬ್ಬನೇ ಅಲ್ಲ ಅಂತ ಆಮೇಲೆ ನಾಲ್ಕು ಜನರ ಹತ್ರ ಕೇಳಿದಾಗ ಗೊತ್ತಾಯ್ತು.

ಬೆಳಿಗ್ಗೆ ಅನಂತಪುರದ ದೇವಸ್ಥಾನಕ್ಕೆ ಹೋಗಿ ಕೈ ಮುಗಿದು ಹೊರಟದ್ದು. ಮಕ್ಕಳಿಗೆ ದೇವರಿಗಿಂತ ಮೊಸಳೆಯದ್ದೇ ಚಿಂತೆ, ಅಲ್ಲಿನ ಕೊಳದಲ್ಲಿದ್ದ ಮೊಸಳೆ ಬಬಿಯಾ 2022ರಲ್ಲಿ ತೀರಿಹೋಯ್ತು, ಮರುವರ್ಷ ಕೊಳದಲ್ಲಿ ಇನ್ನೊಂದು ಮೊಸಳೆ ಕಾಣಿಸಿದೆ ಅಂತ ಹೇಳಿದ್ದೇ ತಪ್ಪಾಯ್ತು, ಕೊಳದ ಕಟ್ಟೆ ಬಿಟ್ಟು ಏಳ್ಲಿಕ್ಕೆ ಒಪ್ಪುದಿಲ್ಲ. ಅಲ್ಲಿಂದ ಬೇಕಲ. ಟಿಕೆಟ್ 25 ರೂಪಾಯಿ, ಹದಿನೈದು ವರ್ಷದ ಒಳಗಿನ ಮಕ್ಕಳಿಗೆ ಇಲ್ಲ, ಅಷ್ಟಕ್ಕೆ ಇಡೀ 40 ಎಕರೆ ಕೋಟೆ, ಕೆಳದಿ ಶಿವಪ್ಪ ನಾಯಕ ಕಟ್ಟಿಸಿದ್ದು ಅಂತ ಹೇಳುವಾಗ ನಮ್ಮಪ್ಪನಿಗೆ ಒಂದು ಗತ್ತು. ಮಧ್ಯಾಹ್ನದ ಬಿಸಿಲಿಗೆ ಮಾತ್ರ ಹೋಗ್ಬೇಡಿ, ಒಳಗೆ ನೆರಳಿಲ್ಲ.

ಮೂರೂವರೆಗೆ ಸರಿಯಾಗಿ ನಾವು ಜೆಟ್ಟಿಯಲ್ಲಿ. ಬೋಟೂ ಇಲ್ಲ ಜನವೂ ಇಲ್ಲ. ಫೋನ್ ಮಾಡಿದ್ರೆ "ಇಪ್ಪೋ ವರಾಂ ಚೇಟ್ಟಾ" (ಈಗ ಬರ್ತೇನೆ ಅಣ್ಣಾ), ಅರ್ಧ ಗಂಟೆ ಬಿಟ್ಟು ಮಾಡಿದ್ರೂ ಅದೇ "ಇಪ್ಪೋ ವರಾಂ". ಅಮ್ಮನಿಗೆ ಮೊಣಕಾಲು ನೋವು, ಕೂರ್ಲಿಕ್ಕೆ ಸರಿ ಜಾಗ ಇಲ್ಲ. ಐದು ಗಂಟೆಗೆ ಒಂದು ಬೋಟು ಬಂತು ನೋಡಿ, ರೀಲಲ್ಲಿ ಇದ್ದದ್ದು ಅದಲ್ಲವೇ ಅಲ್ಲ. ಹಳೇದು, ಸಣ್ಣದು, ಮೇಲೆ ಆಮೇಲೆ ಕೂಡಿಸಿದ ಹಾಗೆ ಒಂದು ತಗಡಿನ ಡೆಕ್ಕು, ಒಳಗೆ ಅದಾಗಲೇ ಬೇರೆ ಎರಡು ಫ್ಯಾಮಿಲಿ ಕೂತಾಗಿದೆ. ಕೇಳಿದ್ರೆ ನಿಮ್ಮ ಬೋಟ್ ಸರ್ವೀಸಿಗೆ ಹೋಗಿದೆ, ಇದೂ ಅದೇ, ಒರು ಕುಳಪ್ಪವುಮಿಲ್ಲ, ಅಂದ್ರೆ ಏನೂ ತೊಂದರೆ ಇಲ್ಲ ಅಂತ. ಆ ಕುಳಪ್ಪಮಿಲ್ಲ ಅನ್ನುವ ಮಾತು ಕೇಳಿದ್ರೆ ಈಗ ನನಗೆ ತಲೆ ಬಿಸಿಯಾಗ್ತದೆ.

ಲೈಫ್ ಜಾಕೆಟ್ ಎಲ್ಲಿ ಅಂತ ಕೇಳಿದ್ದಕ್ಕೆ ಹುಡುಗ ಮಾಡಿನ ಕಡೆ ಕೈ ತೋರಿಸಿದ. ಎಲ್ಲ ಜಾಕೆಟನ್ನೂ ಒಟ್ಟಿಗೆ ಒಂದು ಕಟ್ಟು ಮಾಡಿ ನೈಲಾನ್ ಹಗ್ಗದಲ್ಲಿ ಬಿಗಿದು ಮೇಲೆ ಸಿಕ್ಕಿಸಿ ಇಟ್ಟಿದ್ದಾರೆ, ಹುಲ್ಲಿನ ಕಟ್ಟಿನ ಹಾಗೆ. ಬೋಟು ಮಗುಚುವಾಗ ಅದನ್ನು ಬಿಚ್ಚುದು ಯಾರು? ನಾನು ಹಠ ಮಾಡಿ ಒಂದು ಎಳೆಸಿದೆ. ಎದೆಯ ಹತ್ರ ಇರುವ ಬಕಲು ಮುರಿದಿದೆ, ಅದರ ಜಾಗಕ್ಕೆ ಸುತ್ಲಿ ದಾರ ಕಟ್ಟಿದ್ದಾರೆ, ಹೊಲಿಗೆ ಬಿಟ್ಟ ಕಡೆ ಬೆರಳು ಹಾಕಿದ್ರೆ ಒಳಗಿನ ಸ್ಪಂಜು ಹುಡಿ ಹುಡಿಯಾಗಿ ಕೈಗೆ ಬರ್ತದೆ. ಮಕ್ಕಳ ಸೈಜಿಂದು ಒಂದೂ ಇಲ್ಲ. ಅಕ್ಕನ ಸಣ್ಣ ಮಗಳಿಗೆ ದೊಡ್ಡವರ ಜಾಕೆಟ್ ಹಾಕಿದ್ರೆ ಕೈ ಮೇಲೆತ್ತಿದ ಕೂಡಲೇ ಅದು ತಲೆಯ ಮೇಲಿಂದ ಜಾರಿ ಬರ್ತದೆ, ನೀರಿಗೆ ಬಿದ್ರೆ ಆಗುದೂ ಅದೇ, ಮಗು ಕೆಳಗೆ ಜಾಕೆಟ್ ಮೇಲೆ. ಅಮ್ಮ ಬೇಡ ವಾಪಸ್ ಹೋಗುವ ಅಂದ್ರು. ಆಗ ಬೋಟಿನವನ ದನಿ ಬದಲಾಯ್ತು, ಹೋಗುದಾದ್ರೆ ಹೋಗಿ, ಬಾಕಿ ಪೂರ್ತಿ ಕೊಟ್ಟು ಹೋಗಿ, ನಿಮಗೋಸ್ಕರ ಬೇರೆ ಟ್ರಿಪ್ ಬಿಟ್ಟಿದ್ದೇನೆ ಅಂತ. ಜೆಟ್ಟಿಯಲ್ಲಿ ಅವನ ಜನ ನಾಲ್ಕೈದು, ನಮ್ಮ ಕಡೆ ವಯಸ್ಸಾದವರು ಮಕ್ಕಳು. ಭಾವ ಜಗಳಕ್ಕೆ ಹೋಗುವ ಪೈಕಿ ಅಲ್ಲ. ಹತ್ತಿದೆವು.

ಈಗ ಮುಖ್ಯ ವಿಷಯ. ಆ ಹಿನ್ನೀರಲ್ಲಿ ಪಡನ್ನ, ಚೆರುವತ್ತೂರು, ವಲಿಯಪರಂಬ ಕಡೆಯಲ್ಲಿ ಕಲ್ಲುಮ್ಮಕಾಯಿ (ತಿನ್ನುವ ಒಂದು ಜಾತಿ ಚಿಪ್ಪು) ಕೃಷಿ ಉಂಟು, ಇಡೀ ದೇಶದಲ್ಲೇ ಹೆಸರಾದದ್ದು. ನೀರಲ್ಲಿ ಬಿದಿರು ಅಡಿಕೆ ಸಲಾಕೆ ಊರಿ ಚಪ್ಪರ ಮಾಡಿ ಅದಕ್ಕೆ ಹಗ್ಗ ಇಳಿಬಿಡುದು, ನವೆಂಬರ್ ಡಿಸೆಂಬರಲ್ಲಿ ಹಗ್ಗಕ್ಕೆ ಮರಿ ಕಟ್ಟಿದ್ರೆ ಏಪ್ರಿಲ್ ಮೇಯಲ್ಲಿ ಮಳೆ ಬರುವ ಮುಂಚೆ ತೆಗೀಬೇಕು, ಮಳೆನೀರು ಸೇರಿ ಉಪ್ಪು ಕಡಿಮೆಯಾದ್ರೆ ಸತ್ತು ಹೋಗ್ತದೆ. ಅಂದ್ರೆ ನಾವೆಲ್ಲ ರಜೆ ಅಂತ ಬೋಟ್ ಹತ್ತುವ ಟೈಮಲ್ಲೇ ನೀರಿನ ತುಂಬ ಗೂಟ ಮತ್ತೆ ಹಗ್ಗ ಇರ್ತದೆ. ಹಗಲಲ್ಲಿ ಗೂಟದ ತುದಿ ಕಾಣ್ತದೆ, ಕತ್ತಲೆಗೆ ಕಾಣುದಿಲ್ಲ, ಭರತ (ನೀರಿನ ಉಬ್ಬರ) ಇದ್ರೆ ಹಗಲಲ್ಲೂ ಕೆಲವು ಮುಳುಗಿಯೇ ಇರ್ತದೆ. ಇಳಿತ ಬಂದ್ರೆ ಇನ್ನೊಂದು ಕಷ್ಟ, ಎಷ್ಟೋ ಕಡೆ ಹೂಳು, ನೀರು ಮೊಣಕಾಲಿಗೂ ಸಾಲುದಿಲ್ಲ, ದೊಡ್ಡ ಬೋಟು ಹೋಗುವ ಚಾನಲ್ ಬಿಟ್ಟು ಅತ್ತಿತ್ತ ಹೋಗ್ಲಿಕ್ಕೆ ಆಗುದೇ ಇಲ್ಲ. ದಾರಿ ಗೊತ್ತಿದ್ದವ ಹಗಲಲ್ಲಿ ಹೋದ್ರೆ ಏನೂ ತೊಂದರೆ ಇಲ್ಲ.

ನಾವು ಹೊರಟದ್ದೇ ಐದೂಕಾಲು ದಾಟಿ. ಡಿಸೆಂಬರಲ್ಲಿ ಆರೂಕಾಲಕ್ಕೆಲ್ಲ ಸೂರ್ಯ ಮುಳುಗಿ ಆಯ್ತು. ವಾಪಸ್ ಬರುವಾಗ ಕತ್ತಲೆ, ಬೋಟಿಗೆ ಮುಂದೆ ಒಂದು ಲೈಟಿಲ್ಲ, ಒಳಗೆ ಮಾತ್ರ ಬಣ್ಣ ಬಣ್ಣದ ಸೀರಿಯಲ್ ಲೈಟು ಮತ್ತೆ ಡಿಜೆ ಸೌಂಡು. ಓಡಿಸುವವನಿಗೆ ಇನ್ನೊಂದು ಟ್ರಿಪ್‌ನ ಅರ್ಜೆಂಟು, ಚಾನಲ್ ಬಿಟ್ಟು ಅಡ್ಡದಾರಿ ಹಿಡಿದ. ಒಮ್ಮೆಲೇ ಇಂಜಿನಿನ ಸೌಂಡ್ ಬದಲಾಯ್ತು, ಗರ್ ಅಂತ ಒಂದು ಗುದ್ದಾಟ, ಸುಟ್ಟ ವಾಸನೆ, ಆಮೇಲೆ ಆಫ್. ಕಲ್ಲುಮ್ಮಕಾಯಿಯ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡಿತ್ತು. ಎಂತ ಆಯ್ತು ಅಂತ ನೋಡ್ಲಿಕ್ಕೆ ಮೇಲಿನ ಡೆಕ್ಕಲ್ಲಿ ಇದ್ದವರೆಲ್ಲ ಒಂದೇ ಕಡೆಗೆ ಬಂದ್ರು ನೋಡಿ, ಬೋಟು ಆ ಕಡೆಗೆ ವಾಲಿತು, ಟೇಬಲ್ ಮೇಲಿದ್ದ ಚಾ ಗ್ಲಾಸೆಲ್ಲ ಜಾರಿಕೊಂಡು ಬಂದು ಕೆಳಗೆ. ಅಕ್ಕ ಮಗಳನ್ನು ಅಪ್ಪಿ ಹಿಡಿದು ಬೊಬ್ಬೆ ಹಾಕಿದ್ಲು. ನಾನು ಮಲಯಾಳದಲ್ಲೂ ಕನ್ನಡದಲ್ಲೂ ಎಲ್ಲ ಕೂತ್ಕೊಳ್ಳಿ ಕೂತ್ಕೊಳ್ಳಿ ಅಂತ ಕಿರುಚಿದ್ದು ನೆನಪುಂಟು, ಸಿಬ್ಬಂದಿ ಅಂತ ಇದ್ದ ಇಬ್ಬರಲ್ಲಿ ಒಬ್ಬನೂ ಒಂದು ಮಾತು ಹೇಳ್ಲಿಲ್ಲ, ಒಬ್ಬ ಹುಡುಗ ಕತ್ತಿ ಬಾಯಲ್ಲಿ ಕಚ್ಚಿ ನೀರಿಗೆ ಇಳಿದ, ಅವನಿಗೂ ಜಾಕೆಟಿಲ್ಲ.

ಕಡೆಗೆ ನಮ್ಮನ್ನು ದಡ ಸೇರಿಸಿದ್ದು ಯಾರು ಗೊತ್ತುಂಟಾ, ಆ ಕಲ್ಲುಮ್ಮಕಾಯಿಯ ಯಜಮಾನ. ಸಣ್ಣ ದೋಣಿಯಲ್ಲಿ ಟಾರ್ಚ್ ಹಿಡಿದು ಬೈತಾ ಬೈತಾ ಬಂದ್ರು, ಬೈಯದೆ ಮತ್ತೆ, ಸಾಲ ಮಾಡಿ ಹಾಕಿದ ಕೃಷಿ ಕಣ್ಣೆದುರೇ ಹರಿದು ಹೋಗಿದೆ. ಆದ್ರೆ ಮಕ್ಕಳನ್ನು ನೋಡಿದ ಕೂಡಲೇ ಬೈಗುಳ ನಿಲ್ಲಿಸಿ ಮೊದಲು ಅಮ್ಮನನ್ನೂ ಮಕ್ಕಳನ್ನೂ ದೋಣಿಗೆ ಇಳಿಸಿಕೊಂಡ್ರು. ಇತ್ತ ಜೆಟ್ಟಿಗೆ ಬಂದ್ರೆ ನಮ್ಮ ಏಜೆಂಟ್ ಮಹಾಶಯ ಬಾಕಿ ದುಡ್ಡಿಗೆ ಕೈ ಒಡ್ಡಿ ನಿಂತಿದ್ದಾನೆ, ಅದರ ಮೇಲೆ ಹಗ್ಗದ ನಷ್ಟಕ್ಕೆ ಪಾರ್ಟಿಯವರೆಲ್ಲ ಶೇರ್ ಹಾಕ್ಬೇಕು ಅಂತ! ಅಲ್ಲಿವರೆಗೆ ಸುಮ್ಮನಿದ್ದ ಅಪ್ಪ ಆಗ ಎದ್ರು. 112ಕ್ಕೆ ಫೋನ್ ಮಾಡ್ತೇನೆ ಅಂತ ಫೋನ್ ತೆಗೆದದ್ದೇ, ಅವ ಮೆಲ್ಲ ಜಾಗ ಖಾಲಿ.

ಮರುದಿನ ಹಗಲಲ್ಲಿ ನಾನು ಭಾವನ ಬೈಕ್ ತಗೊಂಡು ಹೋಗಿ ಆ ಬೋಟನ್ನು ನೋಡಿ ಬಂದೆ. ಪಕ್ಕದಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿದ್ರು, ಹ್ಯಾಪಿ ನ್ಯೂ ಇಯರ್ ಅಂತ. ಅದರ ಅಡಿ ಎತ್ತಿ ನೋಡಿದ್ರೆ ಪೈಂಟ್ ಕೆರೆದ ಜಾಗ, ನಂಬರ್ ಅರ್ಧ ಉಂಟು ಅರ್ಧ ಇಲ್ಲ.

ಕೇರಳದಲ್ಲಿ ಪ್ಯಾಸೆಂಜರ್ ಬೋಟಿಗೆ ಮಾರಿಟೈಮ್ ಬೋರ್ಡಿನ ರಿಜಿಸ್ಟ್ರೇಷನ್ ಇರ್ಬೇಕು, ನಂಬರ್ ಕೆಐವಿ ಅಂತ ಶುರುವಾಗ್ತದೆ, ಗಾಡಿಯ ನಂಬರ್ ಪ್ಲೇಟ್ ಇದ್ದಂತೆಯೇ ಹೊರಗೆ ಕಾಣುವಂತೆ ಬರೆದಿರ್ಬೇಕು. 2023 ಮೇ 7ಕ್ಕೆ ಮಲಪ್ಪುರಂನ ತಾನೂರಲ್ಲಿ ಬೋಟ್ ಮಗುಚಿ ಆದದ್ದು ಎಲ್ಲರಿಗೂ ನೆನಪಿರಬಹುದು, 22 ಜನ ಹೋದ್ರು, ಅದರಲ್ಲಿ ಎಷ್ಟು ಮಕ್ಕಳು, ಒಂದೇ ಮನೆಯವರೇ ಎಷ್ಟು. ಅದು ಮೀನಿನ ಬೋಟನ್ನು ಟೂರಿಸ್ಟ್ ಬೋಟ್ ಮಾಡಿದ್ದು, ಲೆಕ್ಕಕ್ಕಿಂತ ಜಾಸ್ತಿ ಜನ, ಹೊತ್ತು ಮುಳುಗಿದ ಮೇಲೆ ಹೊರಟದ್ದು. ನಮ್ಮ ಬೋಟಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಅದೇ ಸಾಮಾನು, ಬಚಾವಾದದ್ದು ನೀರು ಕಡಿಮೆ ಇದ್ದ ಕಾರಣ ಮಾತ್ರ. ಆ ದುರಂತದ ನಂತರ ಹೈಕೋರ್ಟ್, ಎಷ್ಟು ಜನ ಹತ್ತಬಹುದು ಅಂತ ಬೋಟಿನ ಒಳಗೂ ಹೊರಗೂ ಮಲಯಾಳದಲ್ಲಿ ಬರೆದು ಹಾಕ್ಬೇಕು ಅಂತ ಹೇಳಿದೆ. ಮಲಯಾಳ ಓದ್ಲಿಕ್ಕೆ ಬಾರದ ನಮ್ಮ ಹಿರಿಯರು ಸಂಖ್ಯೆ ನೋಡಿದ್ರೂ ಸಾಕು, ಬೋರ್ಡೇ ಇಲ್ಲದಿದ್ರೆ ಹತ್ತುದೇ ಬೇಡ.

ಅಡ್ವಾನ್ಸ್ ಕೇಳಿದ್ರೆ ಮೊದಲು ಬೋಟಿನ ಇವತ್ತಿನ ವೀಡಿಯೊ ಕೇಳಿ, ನಂಬರ್ ಕಾಣುವ ಹಾಗೆ. ಒಳ್ಳೆಯವರು ಕೊಡ್ತಾರೆ, ಒಳ್ಳೆಯವರೂ ಬೇಕಾದಷ್ಟು ಜನ ಇದ್ದಾರೆ ಅಲ್ಲಿ, ಅವರ ಹೊಟ್ಟೆಗೆ ಹೊಡೆಯುದು ನನ್ನ ಉದ್ದೇಶ ಅಲ್ಲ. ಮಕ್ಕಳ ಸೈಜಿನ ಜಾಕೆಟ್ ಉಂಟಾ, ಬೋಟ್ ನಮಗೆ ಮಾತ್ರವಾ ಶೇರಿಂಗಾ, ಎಷ್ಟು ಗಂಟೆಗೆ ಇಳಿಸ್ತೀರಿ, ಇದನ್ನೆಲ್ಲ ಫೋನಲ್ಲಿ ಕೇಳಿ ಬಿಡ್ಬೇಡಿ, ವಾಟ್ಸಾಪಲ್ಲಿ ಬರೆಸಿಕೊಳ್ಳಿ. ರಾತ್ರಿ ಬೋಟಲ್ಲೇ ಉಳಿಯುವ ಪ್ಯಾಕೇಜ್ ಆದ್ರೆ ಇಂಜಿನ್ ಎಷ್ಟು ಗಂಟೆ ಓಡ್ತದೆ ಅಂತ ಕೇಳಿ, ಸಂಜೆ ಐದೂವರೆ ಆರಕ್ಕೆಲ್ಲ ಬೋಟ್ ಕಟ್ಟಿಹಾಕುದು ಕ್ರಮ, ಆಮೇಲೆ ಮೀನಿನವರು ಬಲೆ ಹಾಕುವ ಹೊತ್ತು, ಹಾಗಾಗಿ ರಾತ್ರಿ ಇಡೀ ಸುತ್ತಿಸ್ತೇವೆ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಗೇ ಫೋನ್ ಇಡಿ. ಮಧ್ಯಾಹ್ನ ಊಟ ಮಾಡಿ ಹತ್ತಿ ನಾಲ್ಕೂವರೆಗೆ ಇಳಿದ್ರೆ ನೋಡುವಂಥದ್ದೆಲ್ಲ ನೋಡಿ ಆಗ್ತದೆ. ಸನ್‌ಸೆಟ್ ಬೇಕಾದ್ರೆ ವಲಿಯಪರಂಬದ ಸಮುದ್ರದ ಬದಿಗೆ ರೋಡಲ್ಲೇ ಹೋಗಬಹುದು, ಸೇತುವೆ ಉಂಟು, ಅದಕ್ಕೆ ಯಾರಿಗೂ ದುಡ್ಡು ಕೊಡುದು ಬೇಡ.

ಮೋಸ ಆದ್ರೆ ಕನ್ಸ್ಯೂಮರ್ ಹೆಲ್ಪ್‌ಲೈನ್ 1915, ಹಿನ್ನೀರು ಸಮುದ್ರದ ತೊಂದರೆಗೆ ಕೋಸ್ಟಲ್ ಪೊಲೀಸ್ 1093, ಎರಡೂ ಸೇವ್ ಮಾಡಿ ಇಟ್ಕೊಳ್ಳಿ. ಭಾವ 1915ಕ್ಕೆ ಗೂಗಲ್ ಪೇ ಸ್ಕ್ರೀನ್‌ಶಾಟ್, ಚಾಟು, ನಾನು ತೆಗೆದ ಫ್ಲೆಕ್ಸಿನ ಫೋಟೊ ಎಲ್ಲ ಹಾಕಿದ್ದಾರೆ. ಆ ಕಡೆಯಿಂದ ಏಜೆಂಟ್ ಫೋನ್ ಮಾಡಿ ಅರ್ಧ ಅಡ್ವಾನ್ಸ್ ವಾಪಸ್ ಕೊಡ್ತೇನೆ, ಕಂಪ್ಲೇಂಟ್ ತೆಗೀರಿ ಅಂದ. ಪೂರ್ತಿ ಬಂದ್ರೂ ತೆಗಿಯುದಿಲ್ಲ ಅಂತ ಅಕ್ಕ ಹೇಳಿ ಇಟ್ಟಿದ್ದಾಳೆ. ಈ ವಾರ ಬುಕ್ ಮಾಡಿದವರು ಯಾರಾದ್ರೂ ಇದ್ರೆ ಈಗಲೇ ಫೋನ್ ಮಾಡಿ ನಂಬರ್ ಕೇಳಿ, ಕೊಡದಿದ್ರೆ ನನಗೆ ಮೆಸೇಜ್ ಹಾಕಿ, ನಮ್ಮದು ಅದೇ ಬೋಟಾ ಅಂತ ಫೋಟೊ ನೋಡಿ ಹೇಳ್ತೇನೆ.