ನಳದ ಸುದ್ದಿಗೆ ಪಕ್ಕಾ, ಹಬ್ಬದ ದಿನಕ್ಕೆ ಅರ್ಧಮರ್ಧ: ನಮ್ಮ ಖಣಿ ಊರಿನ ವಾಟ್ಸ್‌ಆ್ಯಪ್ ಸುದ್ದಿ ಸೇವೆ

ಕಲಬುರಗಿ ಜಿಲ್ಲೆಯ ಶಹಾಬಾದ್-ವಾಡಿ ಕಲ್ಲುಗಣಿ ಪಟ್ಟಿಯಲ್ಲಿ ಊರಿಗೊಂದು, ಕೆಲವು ಕಡೆ ಓಣಿಗೊಂದು ಇಂಥ ಸೇವೆ ಇದೆ. ನಾನು ಬಳಸುತ್ತಿರುವುದು ಲಾಕ್‌ಡೌನ್ ಕಾಲದಲ್ಲಿ ಶುರುವಾದದ್ದು. ನಡೆಸುವವರು ಇಬ್ಬರೇ ಹುಡುಗರು, ಹೆಸರು ಬೇಡ. ಚಂದಾ ಕಡ್ಡಾಯವಿಲ್ಲ, ಅಂಗಡಿಗಳ ಜಾಹೀರಾತಿನ ಮೇಲೆ ನಡೆಯುತ್ತದೆ, ಮನಸ್ಸಿದ್ದವರು ವರ್ಷಕ್ಕೊಮ್ಮೆ ಫೋನ್‌ಪೇ ಮಾಡುತ್ತಾರೆ. ನಾನು ಮಾಡುತ್ತೇನೆ. ತಿಂಗಳ ಲೆಕ್ಕ ಹಾಕಿದರೆ ಒಂದು ಪ್ಲೇಟ್ ಸುಸಲಾ-ಮಿರ್ಚಿಯ ದುಡ್ಡೂ ಆಗುವುದಿಲ್ಲ.

ಇವರ ಬಂಡವಾಳ ನೀರು. ನಮ್ಮಲ್ಲಿ ನಳ ದಿನಾ ಬರುವುದಿಲ್ಲ, ಬರುವ ದಿನವೂ ಹೊತ್ತು ಹೇಳಿ ಬರುವುದಿಲ್ಲ. ಮುಂಚೆ ಹೆಣ್ಣುಮಕ್ಕಳು ಬೆಳಗಾಗುತ್ತಲೇ ಬಾಗಿಲಿಗೆ ನಿಂತು "ನಳ ಬಿಟ್ಟಾರೇನ್ರೀ ವೈನಿ?" ಎಂದು ಆಚೆ ಮನೆಗೆ ಕೇಳುತ್ತಿದ್ದರು. ಈಗ ಫೋನ್ ನೋಡುತ್ತಾರೆ. ಯಾವ ವಾರ್ಡಿಗೆ ಎಷ್ಟು ಹೊತ್ತಿಗೆ ಬಿಡುತ್ತಾರೆ, ಮೋಟರ್ ಸುಟ್ಟಿದ್ದರೆ ಟ್ಯಾಂಕರ್ ಎಲ್ಲಿ ನಿಲ್ಲುತ್ತದೆ ಎಂಬುದೆಲ್ಲ ಬರುತ್ತದೆ, ಬಹುತೇಕ ಸರಿಯಾಗಿಯೇ ಇರುತ್ತದೆ. ವಾಲ್ವ್ ತಿರುಗಿಸುವವರಿಗೇ ಫೋನ್ ಹಚ್ಚಿ ಕೇಳುತ್ತಾರಂತೆ. ಮಳೆಗಾಲದಲ್ಲಿ ಇನ್ನೂ ಒಳ್ಳೆಯ ಕೆಲಸ ಮಾಡುತ್ತಾರೆ. ಮೇಲೆ ಸೇಡಂ ಕಡೆ ಜೋರು ಮಳೆಯಾಗಿ ಮಳಖೇಡದಲ್ಲಿ ಕಾಗಿಣಾ ನದಿಯ ಸೇತುವೆ ಮುಳುಗಿತೆಂದರೆ ಆ ನೀರು ನಮ್ಮ ಕಡೆಗೇ ಬರಬೇಕಲ್ಲ. ನಳದಲ್ಲಿ ಕದಡು ನೀರು ಕಾಣುವ ಮೊದಲೇ "ಕಾಸಿ ಸೋಸಿ ಕುಡೀರಿ" ಎಂದು ಹಾಕಿರುತ್ತಾರೆ.

ಕರೆಂಟಿನ ಸುದ್ದಿ ಸುಮಾರು. ದುರಸ್ತಿ ಇದ್ದರೆ ನಮ್ಮ ಕಡೆಯ ಕರೆಂಟ್ ಕಂಪನಿ ಜೆಸ್ಕಾಂ ಹಿಂದಿನ ದಿನವೇ ಪೇಪರಿಗೆ ಕೊಟ್ಟಿರುತ್ತದೆ, ಇವರು ಅದರ ಫೋಟೊ ಹೊಡೆದು ಹಾಕುತ್ತಾರೆ, ಅಷ್ಟೇ. ಅಚಾನಕ್ ಹೋದರೆ ನಾನು ಸೀದಾ 1912ಕ್ಕೆ ಫೋನ್ ಮಾಡುತ್ತೇನೆ. ಬೇಸಿಗೆಯಲ್ಲಿ ಸರ್ಕಾರಿ ಕಚೇರಿ ಹೊತ್ತು ಬದಲಾಗುವುದನ್ನು ಮಾತ್ರ ಇವರು ಪ್ರತಿ ಏಪ್ರಿಲ್‌ಗೆ ನೆನಪಿಸುತ್ತಾರೆ. ನಮ್ಮ ವಿಭಾಗದಲ್ಲಿ ಏಪ್ರಿಲ್-ಮೇ ತಿಂಗಳು ಬಿಸಿಲಿಗಾಗಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ಕೆಲಸ. ಊಟ ಮುಗಿಸಿ ಪಹಣಿ ತರಲು ಹೊರಟವರಿಗೆ ಬಿಸಿಲಲ್ಲಿ ಬೀಗವೇ ಸಿಗುತ್ತದೆ.

ಮೊದಲು ಇದು ಗ್ರೂಪ್ ಆಗಿತ್ತು. ಗ್ರೂಪಿನ ಮಿತಿಯಾದ 1024 ಜನ ತುಂಬಿದ ಮೇಲೆ ಸೇರಲು ಜಾಗ ಖಾಲಿಯಾಗುವವರೆಗೆ ಕಾಯಬೇಕಿತ್ತು, ಸೇರಿದರೆ ಗುಲಾಬಿ ಹೂವಿನ ಶುಭೋದಯದ ನಡುವೆ ನೀರಿನ ಸುದ್ದಿ ಹುಡುಕಬೇಕಿತ್ತು. ಈಗ ನಡೆಸುವವರು ಮಾತ್ರ ಸುದ್ದಿ ಹಾಕುವ ಚಾನಲ್ ಆಗಿದೆ. ಗದ್ದಲ ನಿಂತಿತು, ಆದರೆ ಬಾಯಿಯೂ ಕಟ್ಟಿತು: "ನಮ್ಮ ಗಲ್ಲಿಗೆ ಬಂದಿಲ್ಲ" ಎಂದು ಅಲ್ಲೇ ಹೇಳುವಂತಿಲ್ಲ. ಆದರೂ ನನಗೆ ಚಾನಲ್ಲೇ ಇರಲಿ. 2018ರ ಜುಲೈನಲ್ಲಿ ಪಕ್ಕದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ಪುಕಾರು ನಂಬಿದ ಜನ ಹೈದರಾಬಾದಿನಿಂದ ಬಂದ ಯುವಕನನ್ನು ಹೊಡೆದು ಕೊಂದರು. ಆಮೇಲೂ ಅಂಥ ಆಡಿಯೊಗಳು ಹಬ್ಬದ ಮುಂದೆ ನಮ್ಮ ಗ್ರೂಪಿನಲ್ಲಿ ತಿರುಗುತ್ತಲೇ ಇದ್ದವು. ಚಾನಲ್‌ನಲ್ಲಿ ಒಂದೂ ಕಂಡಿಲ್ಲ. ಈ ಒಂದು ಕಾರಣಕ್ಕೇ ಒಂದು ಅಂಕ ಜಾಸ್ತಿ ಕೊಡುತ್ತೇನೆ.

ಈಗ ತಕರಾರು. ಹಬ್ಬ-ಸೂಟಿ ಬಂತೆಂದರೆ ಈ ಹುಡುಗರೂ ಸೂಟಿಗೆ ಹೋಗುತ್ತಾರೆ. ಹೋಗಲಿ, ಅವರಿಗೂ ಮನೆಮಠ ಇದೆ. ಆದರೆ ಹೋಗುವ ಮುಂಚೆ ಹಾಕುವ ಸುರಕ್ಷತಾ ಸಂದೇಶ ಎಲ್ಲಿಂದಲೋ ಎತ್ತಿದ್ದು. ದೀಪಾವಳಿಗೆ "ಪಟಾಕಿ ಎಚ್ಚರಿಕೆಯಿಂದ ಹೊಡೆಯಿರಿ" ಎಂದರೆ ಏನು ಹೇಳಿದಂತಾಯಿತು? ಹಸಿರು ಪಟಾಕಿ ಮಾತ್ರ, ಅದೂ ರಾತ್ರಿ 8ರಿಂದ 10ರವರೆಗೆ ಎಂಬ ನಿಯಮವನ್ನಾದರೂ ಹಾಕಬೇಕಿತ್ತು. ಎಳ್ಳಮಾವಾಸ್ಯೆಯದು ಇನ್ನೂ ಚೆಂದ. ಅವತ್ತು ಬುತ್ತಿ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಭಜ್ಜಿ-ಸಜ್ಜಿರೊಟ್ಟಿ ಉಂಡು ಬರುವಾಗ ಸಂಜೆ. ಸಾಲಾಗಿ ಮನೆಗಳಿಗೆ ಬೀಗ. ಇವರು ಬೆಳಗ್ಗೆ ಹತ್ತಕ್ಕೇ ಖಾಲಿ ಬಜಾರಿನ ಫೋಟೊ ಹಾಕಿ "ಇವತ್ತು ಊರಾಗ ಒಂದು ನರಪಿಳ್ಳೆ ಇಲ್ಲ" ಎಂದು ಬರೆಯುತ್ತಾರೆ. ಕಳ್ಳರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಸೇವೆ ಬೇಕೇ? ಬಂಗಾರ ಮನೆಯಲ್ಲಿಡಬೇಡಿ, ಊರಲ್ಲೇ ಉಳಿಯುವ ಮುದುಕರಿಗೆ ಹೇಳಿ ಹೋಗಿ, ಏನಾದರೂ ಕಂಡರೆ 112ಕ್ಕೆ ಫೋನ್ ಮಾಡಿ ಎಂದು ಹಿಂದಿನ ದಿನವೇ ಹಾಕಬಹುದಲ್ಲ.

ದೊಡ್ಡ ಕೊರತೆ ಖಣಿಯದು. ನೆಲಕ್ಕೆ ಹಾಸುವ ಪರ್ಸಿ ಕಲ್ಲು ಪದರಪದರವಾಗಿ ಎಬ್ಬಿಸುವ ಕಲ್ಲು, ಹಾಗಾಗಿ ಹಳೆ ಖಣಿಯ ಅಂಚು ಮೆಟ್ಟಿಲಿನಂತೆ ಕಾಣುತ್ತದೆ. ಎರಡು ಮೂರು ಮೆಟ್ಟಿಲು ನಿಜ, ನಾಲ್ಕನೆಯದಿರುವುದಿಲ್ಲ, ನೇರ ಆಳ. ಮಳೆಯಾದ ಮೇಲೆ ಆ ಮೆಟ್ಟಿಲ ಮೇಲೆ ಪಾಚಿ, ಅಡಿಯಲ್ಲಿ ಕಲ್ಲಿನ ಪುಡಿ ಕಲೆತ ರಾಡಿ. ನಮ್ಮೂರ ಹುಡುಗರಿಗೆ ಯಾವ ಖಣಿ ಹೇಗೆ ಎಂದು ಗೊತ್ತು. ದಸರಾ ಸೂಟಿಗೆ ಪುಣೆ, ಹೈದರಾಬಾದಿನಿಂದ ಅಜ್ಜಿ ಮನೆಗೆ ಬಂದ ಮಕ್ಕಳಿಗೆ ಅದು ಹಸಿರು ನೀರಿನ ಸ್ವಿಮ್ಮಿಂಗ್ ಪೂಲ್. ಇದಕ್ಕೆ ಇವರು ಹಾಕುವುದು ಯಾವುದೋ ಜಲಪಾತದ ಚಿತ್ರ, ಅದರ ಮೇಲೆ "ನೀರಿರುವಲ್ಲಿ ಮಕ್ಕಳ ಮೇಲೆ ನಿಗಾ ಇರಲಿ". ಯಾವ ಖಣಿ, ಬೇಲಿ ಎಲ್ಲಿ ಕಿತ್ತಿದೆ, ಒಂದು ಅಕ್ಷರವಿಲ್ಲ.

ಮಾಡಬಲ್ಲರು ಎಂಬುದೇ ನನ್ನ ಸಿಟ್ಟು. ಒಮ್ಮೆ ಅವರಲ್ಲೊಬ್ಬ ದಾರಿಯಲ್ಲಿ ನಿಂತೇ ಆಡಿಯೊ ಕಳಿಸಿದ: "ಸ್ಟೇಷನ್ ಆಚೆ ಹಳೆ ಖಣಿ ಬೇಲಿ ಬಿದ್ದದ, ಹುಡುಗರು ಅಂಗಿ ಕಳಚಾಕತ್ಯಾರ, ಯಾರ ಮನಿಯವು ನೋಡ್ರಿ." ಬೈಕಿಗೆ ಬೈಕು ಓಡಿದವು, ಮಕ್ಕಳು ನೀರಿಗಿಳಿಯುವ ಮೊದಲೇ ಹಿಡಿದು ತಂದರು. ಚಿತ್ರವಿಲ್ಲ, ಶುಭಾಶಯವಿಲ್ಲ, ಒಂದು ಜಾಗ ಒಂದು ಮಾತು. ನನಗೆ ಬೇಕಾದದ್ದು ಅದು.

ಸೂಟಿಗೆ ಮುಂಚೆ ಹಾಕಿ ಎಂದು ನಾನು ಬರೆದು ಕೊಟ್ಟ ಮಾತುಗಳನ್ನು ಇನ್ನೂ ಹಾಕಿಲ್ಲ, ಇಲ್ಲೇ ಹೇಳಿಬಿಡುತ್ತೇನೆ. ಮುಳುಗುತ್ತಿರುವವರನ್ನು ಹಿಡಿಯಲು ಈಜು ಬಾರದವರು ಹಾರಬೇಡಿ. ಸೀರೆ, ಹಗ್ಗ, ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನು ಎಸೆಯಿರಿ. ಎತ್ತಿದ ಮೇಲೆ ತಲೆಕೆಳಗೆ ಮಾಡಿ ಹೊಟ್ಟೆ ಒತ್ತುವುದು ನಮ್ಮ ಕಡೆ ಈಗಲೂ ನಡೆಯುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಉಸಿರ ದಾರಿ ಕಟ್ಟುತ್ತದೆ, ಹೊತ್ತೂ ಹೋಗುತ್ತದೆ. ಉಸಿರಿಲ್ಲವೆಂದರೆ ಮೊದಲು ಬಾಯಿಂದ ಉಸಿರು ಕೊಟ್ಟು, ಆಮೇಲೆ ಎದೆಯ ನಡುವೆ 30 ಸಲ ಒತ್ತಿ 2 ಸಲ ಉಸಿರು, ಹೀಗೇ 108 ಬರುವವರೆಗೆ. ಇನ್ನೊಬ್ಬರು ಅಷ್ಟರಲ್ಲಿ ಫೋನ್ ಹಚ್ಚಿರಬೇಕು.

ಐದಕ್ಕೆ ಮೂರೂವರೆ. ಈ ವರ್ಷವೂ ದುಡ್ಡು ಹಾಕಿದ್ದೇನೆ, ಜೊತೆಗೆ ಬೈದಿದ್ದೇನೆ. ಹೊಸದಾಗಿ ಸೇರುವವರು ಒಂದು ಕೆಲಸ ಮಾಡಿ: ಚಾನಲ್ ಸೇರಿದರೆ ಸಾಲದು, ಅದು ತಾನಾಗಿ ಸದ್ದು ಮಾಡುವುದಿಲ್ಲ. ಮೇಲಿರುವ ಗಂಟೆಯ ಗುರುತು ಒತ್ತಬೇಕು. ಸೂಟಿಗೆ ಬರುವ ಬೀಗರಿಗೂ ಲಿಂಕ್ ಕಳಿಸಿ ಗಂಟೆ ಒತ್ತಿಸಿ. ದಸರಾಕ್ಕೆ ಬಂದಿದ್ದ ನಮ್ಮ ತಂಗಿ ಪುಣೆಗೆ ವಾಪಸ್ ಹೋದ ಮೇಲೂ ಬಿಟ್ಟಿಲ್ಲ. "ಅಣ್ಣಾ, ನಿಮ್ಮ ಓಣಿಗೆ ನಳ ಬಂದಾವಂತ, ಮೋಟರ್ ಹಚ್ಚು" ಎಂದು ಅಲ್ಲಿಂದಲೇ ನನ್ನನ್ನು ಎಬ್ಬಿಸುತ್ತಾಳೆ.